ಒಂಬತ್ತನೇ ತರಗತಿ ಪೋಷಕರಿಗೆ: ಕ್ರೋಶಾ ಮ್ಯಾಟ್ ಕೆಲಸದ ಬಗ್ಗೆ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಈ ಸಲದ ಕಾರ್ಯಾನುಭವದಲ್ಲಿ ಒಂಬತ್ತನೇ ತರಗತಿಯ ಹುಡುಗರು, ಹುಡುಗಿಯರು ಎಲ್ಲರೂ ಊಟದ ಮೇಜಿನ ಮೇಲೆ ತಟ್ಟೆಯ ಕೆಳಗೆ ಹಾಸುವ ದುಂಡು ಮ್ಯಾಟನ್ನು ಕ್ರೋಶಾದಲ್ಲಿ (ಕೊಕ್ಕೆಯಿರುವ ಒಂದೇ ಕಡ್ಡಿಯ ಹೆಣಿಗೆ) ಹೆಣೆಯುತ್ತಿದ್ದಾರೆ. ಅರ್ಧ ಕೆಲಸ ಶಾಲೆಯಲ್ಲಿ, ಉಳಿದದ್ದು ಮನೆಯಲ್ಲಿ. ಹಾಗಾಗಿ ಏನು ಕೊಡಿಸಬೇಕು, ಎಲ್ಲಿ ತಪ್ಪಾಗುತ್ತದೆ, ನೀವು ಎಷ್ಟರ ಮಟ್ಟಿಗೆ ಕೈ ಹಾಕಬಹುದು ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ದಾರ. ಹತ್ತಿ ದಾರವೇ ಆಗಬೇಕು. ಅಂಗಡಿಯಲ್ಲಿ ಬಣ್ಣಬಣ್ಣದ ಅಕ್ರಿಲಿಕ್ ಉಲ್ಲನ್ ಅಗ್ಗಕ್ಕೆ ಸಿಗುತ್ತದೆ, ಮಕ್ಕಳೂ ಅದನ್ನೇ ಬೇಡುತ್ತಾರೆ. ಆದರೆ ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಚೆಲ್ಲಿದ ನೀರನ್ನೂ ಹೀರುವುದಿಲ್ಲ. ಲೇಬಲ್ ನೋಡಿ, 3.5ರಿಂದ 4.5 ಮಿ.ಮೀ. ಕಡ್ಡಿ ಎಂದು ಬರೆದಿರುವ ಹತ್ತಿ ದಾರ ತನ್ನಿ. ಒಂದು ಮ್ಯಾಟಿಗೆ 100 ಗ್ರಾಂ ಸಾಕು, ಸ್ವಲ್ಪ ಉಳಿಯಲೂಬಹುದು. ಒಂದೇ ಬಣ್ಣದ ಉಂಡೆ ಒಂದಕ್ಕಿಂತ ಹೆಚ್ಚು ಬೇಕಾದರೆ ಒಟ್ಟಿಗೇ ಕೊಳ್ಳಿ. ಲಾಟ್ ನಂಬರ್ (ಒಂದೇ ಸಲಕ್ಕೆ ಬಣ್ಣ ಹಾಕಿದ ದಾರದ ಗುರುತು) ಬೇರೆಯಾದರೆ ಬಣ್ಣದಲ್ಲಿ ಗೆರೆ ಎಳೆದಂತೆ ವ್ಯತ್ಯಾಸ ಕಾಣುತ್ತದೆ. ಕೆಂಪು, ಮರೂನ್, ಕಡುನೀಲಿಯನ್ನು ಬಿಳಿಯ ಜೊತೆ ಸೇರಿಸುವ ಆಸೆಯಿದ್ದರೆ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಆ ಜೋಡಿ ಬೇಡ.

ಕಡ್ಡಿ 4 ಮಿ.ಮೀ. ಇರಲಿ. ಸೀರೆಗೆ ಕುಚ್ಚು ಹಾಕುವ ಸಣ್ಣ ಉಕ್ಕಿನ ಕಡ್ಡಿಯನ್ನು ದಯವಿಟ್ಟು ಕಳಿಸಬೇಡಿ. ಅದರ ಕೊಕ್ಕೆಗೆ ಈ ದಾರ ಸಿಗುವುದೇ ಇಲ್ಲ, ಎಳೆ ಸೀಳುತ್ತದೆ. ಇದರ ಜೊತೆಗೆ ಮೊಂಡು ತುದಿಯ ದಪ್ಪ ಸೂಜಿ ಒಂದು, ಸೇಫ್ಟಿ ಪಿನ್ ಎರಡು, ಅಳತೆ ಟೇಪು ಬೇಕು.

ಕ್ರೋಶಾ ಕುಚ್ಚು ಹಾಕುವ ತಾಯಂದಿರಿಗೆ ಚೈನು, ಕಂಬ ಹೊಸದಲ್ಲ. ಉಳಿದವರಿಗಾಗಿ ಹೇಳುವುದಾದರೆ: ಕಡ್ಡಿಯಲ್ಲಿರುವ ಕುಣಿಕೆಯೊಳಗಿಂದ ದಾರ ಎಳೆದರೆ ಒಂದು ಚೈನ್. ಇನ್ನು ಕಂಬ: ಕಡ್ಡಿಯ ಮೇಲೆ ಒಮ್ಮೆ ದಾರ ಸುತ್ತಿಕೊಂಡು, ಕೆಳಗಿನ ಹೆಣಿಗೆಯ ತಲೆಯ ಎರಡೂ ಎಳೆಗಳಡಿ ತೂರಿಸಿ ದಾರ ಎಳೆದರೆ ಕಡ್ಡಿಯಲ್ಲಿ ಮೂರು ಕುಣಿಕೆ ಇರುತ್ತವೆ. ದಾರ ಹಿಡಿದು ಎರಡರಿಂದ ಎಳೆಯುವುದು, ಮತ್ತೊಮ್ಮೆ ಹಿಡಿದು ಉಳಿದೆರಡರಿಂದ ಎಳೆಯುವುದು. ಇದೇ ಒಂದು ಕಂಬ. ಮ್ಯಾಟ್ ಪೂರ್ತಿ ಇದರಲ್ಲೇ ಆಗುತ್ತದೆ.

ಆರಂಭಕ್ಕೆ 4 ಚೈನ್ ಹಾಕಿ, ಮೊದಲ ಚೈನಿಗೆ ಸ್ಲಿಪ್ ಸ್ಟಿಚ್ಚಿನಿಂದ (ಕಡ್ಡಿ ತೂರಿಸಿ, ಹಿಡಿದ ದಾರವನ್ನು ಕಡ್ಡಿಯಲ್ಲಿರುವ ಕುಣಿಕೆಯಿಂದಲೂ ಒಮ್ಮೆಗೇ ಎಳೆಯುವುದು) ಸೇರಿಸಿ ಉಂಗುರ ಮಾಡಿಸಿದ್ದೇವೆ. ದಾರದ ಕುಣಿಕೆಯ ಮೇಲೆ ಹೆಣೆದು ಆಮೇಲೆ ಎಳೆದು ಬಿಗಿಯುವ ಮ್ಯಾಜಿಕ್ ರಿಂಗ್ ನೋಡಲು ಚೆಂದ, ನಡುವೆ ತೂತು ಕಾಣುವುದಿಲ್ಲ. ಆದರೆ ಹತ್ತಿ ದಾರ ಜಾರುತ್ತದೆ. ದಾರದ ತುದಿಯ ಬಾಲವನ್ನು ಸರಿಯಾಗಿ ಹೊಲಿದು ಭದ್ರ ಮಾಡದಿದ್ದರೆ ನಾಲ್ಕು ಒಗೆತದಲ್ಲಿ ನಡು ಬಾಯಿ ತೆರೆಯುತ್ತದೆ. ಕಲಿಯುವ ಕೈಗೆ ಚೈನ್ ಉಂಗುರವೇ ವಾಸಿ.

ಮೊದಲ ಸುತ್ತು: 3 ಚೈನ್, ಉಂಗುರದೊಳಗೆ 11 ಕಂಬ. ಆ 3 ಚೈನನ್ನು ಒಂದು ಕಂಬ ಎಂದೇ ಎಣಿಸಿ, ಒಟ್ಟು 12. ಮೂರನೇ ಚೈನಿನ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ ಸುತ್ತು ಮುಗಿಸುವುದು. ಎರಡನೇ ಸುತ್ತಿನಲ್ಲಿ ಪ್ರತಿ ಹೆಣಿಗೆಯಲ್ಲೂ ಎರಡೆರಡು ಕಂಬ, ಅಂದರೆ ಜೋಡಿ: 24. ಮೂರನೆಯದರಲ್ಲಿ ಒಂದು ಒಂಟಿ (ಒಂದು ಹೆಣಿಗೆಯಲ್ಲಿ ಒಂದೇ ಕಂಬ), ಒಂದು ಜೋಡಿ: 36. ನಾಲ್ಕನೆಯದರಲ್ಲಿ ಎರಡು ಒಂಟಿ, ಒಂದು ಜೋಡಿ: 48. ಹೀಗೆ ಸುತ್ತಿಗೊಂದು ಒಂಟಿ ಹೆಚ್ಚುತ್ತಾ ಹೋಗುತ್ತದೆ, ಜೋಡಿಗಳು ಮಾತ್ರ ಯಾವಾಗಲೂ ಹನ್ನೆರಡೇ. ಸುತ್ತಿನ ಸಂಖ್ಯೆಯನ್ನು 12ರಿಂದ ಗುಣಿಸಿದರೆ ಬರಬೇಕಾದ ಲೆಕ್ಕ ಸಿಗುತ್ತದೆ. 14ನೇ ಸುತ್ತಿಗೆ 168 ಕಂಬ. ಮೊದಲಿಂದ ಕೂಡಿದರೆ 1260. ಮುಂದಿನ ವರ್ಷ ಹತ್ತರಲ್ಲಿ ಸಮಾಂತರ ಶ್ರೇಢಿ ಬಂದಾಗ ಗಣಿತದ ಮೇಷ್ಟ್ರು ಈ ಮ್ಯಾಟನ್ನೇ ತರಿಸಿದರೆ ಆಶ್ಚರ್ಯವಿಲ್ಲ.

ಹನ್ನೆರಡೇ ಯಾಕೆ ಎಂದು ಕೆಲವು ಮಕ್ಕಳು ಕೇಳಿದ್ದಾರೆ. ಈ ದಾರ, ಈ ಕಡ್ಡಿಯಲ್ಲಿ ಒಂದು ಕಂಬ ಸುಮಾರು 1.2 ಸೆಂ.ಮೀ. ಎತ್ತರ, 6 ಮಿ.ಮೀ.ಗಿಂತ ತುಸು ಹೆಚ್ಚು ಅಗಲ ಬರುತ್ತದೆ. ಒಂದು ಸುತ್ತು ಹೆಣೆದರೆ ತ್ರಿಜ್ಯ 1.2 ಸೆಂ.ಮೀ. ಬೆಳೆಯುತ್ತದೆ, ಪರಿಧಿ ಅದರ 6.28 ಪಟ್ಟು, ಅಂದರೆ ಸುಮಾರು 7.5 ಸೆಂ.ಮೀ. ಬೆಳೆಯಬೇಕು. ಅಷ್ಟನ್ನು ತುಂಬಲು ಹನ್ನೆರಡು ಕಂಬ ಬೇಕು. ಕಡಿಮೆಯಾದರೆ ಅಂಚಿಗೆ ಬಟ್ಟೆ ಸಾಲದೆ ಮೇಲೆದ್ದು ಬಟ್ಟಲಾಗುತ್ತದೆ. ಹೆಚ್ಚಾದರೆ ಎಣ್ಣೆಗೆ ಬಿದ್ದ ಹಪ್ಪಳದ ಅಂಚಿನಂತೆ ಅಲೆಅಲೆಯಾಗುತ್ತದೆ. ಮನೆಯಲ್ಲಿ ಮ್ಯಾಟ್ ನೋಡಿದ ತಕ್ಷಣ ಎಣಿಕೆ ಯಾವ ಕಡೆಗೆ ತಪ್ಪಿದೆ ಎಂದು ನಿಮಗೂ ಇದರಿಂದ ಗೊತ್ತಾಗುತ್ತದೆ.

ಎಣಿಕೆ ತಪ್ಪುವ ಜಾಗ ಹೆಚ್ಚಾಗಿ ಒಂದೇ, ಸುತ್ತು ಸೇರುವಲ್ಲಿ. ಮೂರನೇ ಸುತ್ತಿನಿಂದ ಆಚೆಗೆ 3 ಚೈನೇ ಮೊದಲ ಒಂಟಿ ಕಂಬ. ಅದರ ಬುಡದಲ್ಲೇ ಮತ್ತೊಂದು ಕಂಬ ಹಾಕಿದರೆ ಒಂದು ಹೆಚ್ಚಾಯಿತು. ಸ್ಲಿಪ್ ಸ್ಟಿಚ್ಚನ್ನೂ ಹೆಣಿಗೆ ಎಂದುಕೊಂಡು ಅದರೊಳಗೆ ಕಂಬ ಹಾಕುವುದು ಇನ್ನೊಂದು. ಆಗಲೂ ಸುತ್ತಿಗೊಂದು ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ, ಸುತ್ತಿನ ಕೊನೆಯ ಹೆಣಿಗೆ 3 ಚೈನಿನ ಹಿಂದೆ ಮುದುಡಿ ಅಡಗಿರುತ್ತದೆ, ಅದು ಬಿಟ್ಟೇ ಹೋಗುತ್ತದೆ. 3 ಚೈನಿನ ತಲೆಗೆ ಸೇಫ್ಟಿ ಪಿನ್ ಹಾಕಿಟ್ಟರೆ ಈ ಮೂರೂ ತಪ್ಪುಗಳನ್ನು ತಡೆಯಬಹುದು. ಒಂದೆರಡು ಕಂಬ ಹೆಚ್ಚುಕಡಿಮೆಯಾದರೆ ಬಿಚ್ಚಬೇಕಿಲ್ಲ, ಮುಂದಿನ ಸುತ್ತಿನಲ್ಲಿ ಸರಿದೂಗಿಸಬಹುದು. ಐದಾರು ತಪ್ಪಿದ್ದರೆ ಬಿಚ್ಚುವುದೇ ಸರಿ.

ಲೆಕ್ಕ ಸರಿಯಿದ್ದೂ ಅಂಚು ಏಳುತ್ತಿದ್ದರೆ ಕೈ ಬಿಗಿಯಾಗಿದೆ ಎಂದರ್ಥ. ಕುಚ್ಚು ಹಾಕಿ ರೂಢಿಯಾದ ಕೈಗಳು ಸಾಮಾನ್ಯವಾಗಿ ಬಿಗಿ. 4.5ರ ಕಡ್ಡಿಗೆ ಬದಲಾಯಿಸಿ. ಅಂಗೈಯಲ್ಲಿ ಒತ್ತಿದಾಗ ಮಟ್ಟಸವಾಗಿ ಕೂತರೆ ಅಷ್ಟು ಸಾಕು, ಉಳಿದದ್ದು ಒಗೆದಾಗ ಸರಿಹೋಗುತ್ತದೆ.

ಜೋಡಿಗಳು ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಕೂತರೆ ಮ್ಯಾಟ್ ದುಂಡಗಾಗುವ ಬದಲು ಹನ್ನೆರಡು ಮೂಲೆಯದಾಗುತ್ತದೆ. ಆರನೇ ಸುತ್ತಿನಿಂದ ಒಂದು ಬಿಟ್ಟು ಒಂದು ಸುತ್ತಿನಲ್ಲಿ ಜೋಡಿಯನ್ನು ನಡುವಿಗೆ ಸರಿಸಲು ಹೇಳಿದ್ದೇವೆ. ಎಂಟನೇ ಸುತ್ತನ್ನೇ ತೆಗೆದುಕೊಳ್ಳಿ: ಆರು ಒಂಟಿ, ಒಂದು ಜೋಡಿ ಎನ್ನುವ ಬದಲು ಮೂರು ಒಂಟಿ, ಜೋಡಿ, ಮತ್ತೆ ಮೂರು ಒಂಟಿ. ಎಣಿಕೆ ಅದೇ 96.

ಯೂಟ್ಯೂಬ್ ನೋಡಿ ಹೆಣೆಯುವ ಮಕ್ಕಳಿಗೆ ಒಂದು ಎಚ್ಚರಿಕೆ. ನಮ್ಮ ಕಂಬಕ್ಕೆ ಅಮೆರಿಕದವರು ಡಬಲ್ ಕ್ರೋಶಾ ಎನ್ನುತ್ತಾರೆ, ಬ್ರಿಟನ್ನಿನವರು ಟ್ರೆಬಲ್ ಎನ್ನುತ್ತಾರೆ. ಬ್ರಿಟನ್ನಿನವರ ಡಬಲ್ ಬಹಳ ಗಿಡ್ಡ, ಅದಕ್ಕೆ ಸುತ್ತಿಗೆ ಆರು ಹೆಚ್ಚಿಸಿದರೆ ಸಾಕು. ಆ ಹೆಣಿಗೆಯಲ್ಲಿ ನಮ್ಮ ಲೆಕ್ಕ ಹಾಕಿದರೆ ಮ್ಯಾಟ್ ಸುಕ್ಕುಸುಕ್ಕಾಗುತ್ತದೆ. ಎಡಗೈ ಮಕ್ಕಳಿಗೆ ಬಲಗೈಯಲ್ಲೇ ಹೆಣೆ ಎಂದು ಒತ್ತಾಯಿಸಬೇಡಿ. ಅವರ ಸುತ್ತು ಎಡದಿಂದ ಬಲಕ್ಕೆ ಹೋಗುತ್ತದೆ, ಮ್ಯಾಟಿಗೆ ಅದರಿಂದ ಏನೂ ಆಗುವುದಿಲ್ಲ.

ಹದಿನಾಲ್ಕು ಸುತ್ತಿಗೆ ಅಡ್ಡಳತೆ 33–34 ಸೆಂ.ಮೀ. ಬರುತ್ತದೆ, ಮನೆಯ ಊಟದ ಸ್ಟೀಲ್ ತಟ್ಟೆ ಕೂತು ಸುತ್ತ ಸ್ವಲ್ಪ ಅಂಚು ಉಳಿಯುತ್ತದೆ. ಕೊನೆಗೆ ಹೆಚ್ಚಿಸದೆ ಒಂದು ಸುತ್ತು ಸಿಂಗಲ್ ಕ್ರೋಶಾ (ಮೊದಲು ದಾರ ಸುತ್ತಿಕೊಳ್ಳದೆ ತೂರಿಸಿ ಎಳೆದು, ಎರಡು ಕುಣಿಕೆಯಿಂದ ಒಮ್ಮೆಗೇ ಎಳೆಯುವ ಗಿಡ್ಡ ಹೆಣಿಗೆ, ಬ್ರಿಟನ್ನಿನವರ ಡಬಲ್ ಇದೇ) ಹಾಕಿದರೆ ಅಂಚು ಸಡಿಲವಾಗುವುದಿಲ್ಲ. ಚಿಪ್ಪಿನ ಬಾರ್ಡರ್ ಬೇಕೆನ್ನುವವರು ಒಂದು ಸಿಂಗಲ್, ಎರಡು ಹೆಣಿಗೆ ಬಿಟ್ಟು ಮುಂದಿನದರಲ್ಲಿ 5 ಕಂಬ, ಮತ್ತೆರಡು ಬಿಟ್ಟು ಸಿಂಗಲ್ ಹಾಕಬಹುದು. ಒಂದು ಚಿಪ್ಪಿಗೆ 6 ಹೆಣಿಗೆ, 168ಕ್ಕೆ ಸರಿಯಾಗಿ 28 ಚಿಪ್ಪು. ನಮ್ಮ ಮತ ಸಾದಾ ಅಂಚಿಗೇ: ಚಿಪ್ಪಿನ ಮೇಲೆ ನೀರಿನ ಲೋಟ ನೆಟ್ಟಗೆ ನಿಲ್ಲುವುದಿಲ್ಲ.

ಮುಗಿದ ಮ್ಯಾಟನ್ನು ನೀರಲ್ಲಿ ನೆನೆಸಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಇನ್ನೊಂದು ಒಣ ಟವೆಲ್ಲಿನ ಮೇಲೆ ದುಂಡಗೆ ಹರಡಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಮೊಟ್ಟೆಯಾಕಾರವಾಗುತ್ತದೆ. ತೆಳು ಗಂಜಿ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಮಳೆಗಾಲದಲ್ಲಿ ಮಾತ್ರ ಬೇಡ, ಬೂಷ್ಟು ಹಿಡಿಯುತ್ತದೆ. ಸಾರು ಚೆಲ್ಲಿದ ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಇಟ್ಟರೆ ಮಾಸುತ್ತದೆ. ಒಲೆಯಿಂದ ಇಳಿಸಿದ ಕುಕ್ಕರನ್ನು ನೇರವಾಗಿ ಇದರ ಮೇಲೆ ಇಡಬೇಡಿ, ಒಂದು ಪದರದ ಹೆಣಿಗೆ ಅಷ್ಟು ಬಿಸಿ ತಡೆಯುವುದಿಲ್ಲ.

ಇನ್ನು ನಿಮ್ಮ ಪಾತ್ರ. ಎಣಿಸಲು ಜೊತೆಗೆ ಕೂರಿ, ಬಿಚ್ಚಲು ಧೈರ್ಯ ಕೊಡಿ, ಆದರೆ ನೀವೇ ಹೆಣೆದು ಕೊಡಬೇಡಿ. ಕೈ ಬದಲಾದ ಸುತ್ತು ಬಿಗಿಯಲ್ಲೇ ಎದ್ದು ಕಾಣುತ್ತದೆ. ಅಂಕ ಕೊಡುವುದು ಅಂದಕ್ಕಲ್ಲ. ಪ್ರತಿ ಸುತ್ತಿನ ಎಣಿಕೆಯನ್ನು ನೋಟ್ ಪುಸ್ತಕದಲ್ಲಿ ಬರೆದಿರುವುದಕ್ಕೆ ಮತ್ತು ಮ್ಯಾಟ್ ಮಟ್ಟಸವಾಗಿ ಕೂರುವುದಕ್ಕೆ.

ತಿಂಗಳ ಕೊನೆಯ ಶನಿವಾರ ಮ್ಯಾಟ್ ತರಬೇಕು. ದಾರದ ಬಾಲಗಳನ್ನು 15 ಸೆಂ.ಮೀ. ಉದ್ದ ಬಿಟ್ಟು ಕಳಿಸಿ, ಬುಡಕ್ಕೆ ಕತ್ತರಿಸಬೇಡಿ. ಅವನ್ನು ಹೊಲಿದು ಮುಚ್ಚುವುದನ್ನು ಅಂದು ತರಗತಿಯಲ್ಲೇ ಹೇಳಿಕೊಡುತ್ತೇವೆ. ಕೆಲಸ ಅರ್ಧದಲ್ಲಿದ್ದರೆ ಕಡೆಯ ಕುಣಿಕೆಗೆ ಪಿನ್ ಹಾಕಿ, ಕಡ್ಡಿಯನ್ನು ಪೆನ್ಸಿಲ್ ಡಬ್ಬಿಯಲ್ಲಿಟ್ಟು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು