ಗೆಳೆಯನಿಗೊಂದು ಪತ್ರ: ಡೆಸ್ಮಂಡ್ ಡಾಸ್ ತೆವಳಿದ 300 ಗಜ

ಪ್ರೀತಿಯ ಗೆಳೆಯ,

ನಿನ್ನ ಎನ್‌ಸಿಸಿ ಹುಡುಗರಿಗೆಲ್ಲ ಎರಡನೇ ಮಹಾಯುದ್ಧದ ಅಮೆರಿಕನ್ ಮೆಡಿಕ್ (ರಣರಂಗದಲ್ಲೇ ಗಾಯಾಳುಗಳನ್ನು ನೋಡಿಕೊಳ್ಳುವ ಸೈನಿಕ) ಡೆಸ್ಮಂಡ್ ಡಾಸ್ ಗೊತ್ತು, ಅವನು ಹಗ್ಗ ಕಟ್ಟಿ 75 ಗಾಯಾಳುಗಳನ್ನು ಬಂಡೆಯಿಂದ ಇಳಿಸಿದ್ದೂ ಗೊತ್ತು, ಆದರೆ ಅವನಿಗೇ ಗಾಯವಾದದ್ದು ಒಬ್ಬನಿಗೂ ಗೊತ್ತಿರಲಿಲ್ಲ ಎಂದು ಬರೆದಿದ್ದೀಯ. ಜೊತೆಗೆ ಒಂದು ಪ್ರಶ್ನೆ: ಅವನು ಮಾಡಿದ ಹಾಗೆ ರೈಫಲ್ಲಿನ ಮರವನ್ನು ಮುರಿದ ತೋಳಿಗೆ ದಬ್ಬೆಯಾಗಿ ತಾನೇ ಕಟ್ಟಿಕೊಳ್ಳುವುದು ನಿಜಕ್ಕೂ ಆಗುವ ಕೆಲಸವೇ? ಆಗುತ್ತದೆ. ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ನನ್ನ ಮಟ್ಟಿಗೆ ಡಾಸ್‌ನನ್ನು ನೆನೆಯಬೇಕಾದದ್ದು ಆ ಬಂಡೆಗಿಂತ ಹೆಚ್ಚಾಗಿ 1945ರ ಮೇ 21ರ ರಾತ್ರಿಗಾಗಿ. ಬೇರೆಯವರಿಗೆ ಮಾಡುತ್ತಿದ್ದ ಕೆಲಸವನ್ನು ಅವನು ಅಂದು ತನ್ನ ಮೈಮೇಲೆ ಮಾಡಿಕೊಂಡ. ಯಾರನ್ನು ಮೊದಲು ಎತ್ತಬೇಕು ಎಂಬ ಲೆಕ್ಕವನ್ನು ತನಗೂ ಹಾಕಿಕೊಂಡ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಡಾಸ್ ಹುಟ್ಟಿದ್ದು 1919ರಲ್ಲಿ, ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವನು. 1942ರಲ್ಲಿ ಸೇನೆಗೆ ಸೇರಿದರೂ ಆಯುಧ ಹಿಡಿಯುವುದಿಲ್ಲ ಎಂದ, ವೈದ್ಯಕೀಯ ಸೇವೆಯಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ ಎಂದ. 77ನೇ ಡಿವಿಷನ್ನಿನ 307ನೇ ಇನ್‌ಫೆಂಟ್ರಿ ರೆಜಿಮೆಂಟ್ ಅವನದು. ಗುವಾಮ್, ಲೇಟೆ ದ್ವೀಪಗಳಾದ ಮೇಲೆ ಜಪಾನಿನ ಒಕಿನಾವಾ ದ್ವೀಪ. ಅಲ್ಲಿನ ಮಾಯೆದಾ ಎಂಬ ಕಡಿದಾದ ಬಂಡೆಯ ಮೇಲೆ ಹಗ್ಗದ ಪ್ರಸಂಗ ನಡೆದದ್ದು. ಅವನು ಹಾಕಿದ ಗಂಟು ಜೋಡಿ ಕುಣಿಕೆಯದು. ಒಂದೊಂದು ಕುಣಿಕೆಯಲ್ಲಿ ಒಂದೊಂದು ಕಾಲು ತೂರಿಸಿ, ಉಳಿದ ಹಗ್ಗವನ್ನು ಎದೆಗೆ ಸುತ್ತಿ ಬಿಗಿದು, ಮೇಲಿನ ತುದಿಯನ್ನು ಮರದ ಮೋಟಿಗೆ ಸುತ್ತಿ ಮೆಲ್ಲಗೆ ಸಡಿಲಬಿಡುವುದು. ಜೀರುಗುಣಿಕೆಯಾಗಿದ್ದರೆ ಆಳಿನ ಭಾರಕ್ಕೆ ಬಿಗಿಯುತ್ತ ಹೋಗಿ ಎದೆಯನ್ನೇ ಅಮುಕಿಬಿಡುತ್ತಿತ್ತು. ಈ ಗಂಟು ಭಾರ ಬಿದ್ದರೂ ಹಾಕಿದಷ್ಟೇ ಇರುತ್ತದೆ. ಅದರ ಗುಣವೇ ಅದು. ಎಷ್ಟು ಜನರನ್ನು ಇಳಿಸಿದ ಎನ್ನುವುದಕ್ಕೆ ಲೆಕ್ಕ ಇಟ್ಟವರಿಲ್ಲ. ಅವನು 50 ದಾಟಿರಲಿಕ್ಕಿಲ್ಲ ಎಂದ, ಮೇಲಧಿಕಾರಿಗಳು 100 ಎಂದರು, ಕೊನೆಗೆ ನಡುವಿನ 75 ದಾಖಲೆಗೆ ಹೋಯಿತು.

ಈಗ ಅವನ ಕೈಚೀಲಕ್ಕೆ ಬರೋಣ, ಏಕೆಂದರೆ ಆ ರಾತ್ರಿ ಅರ್ಥವಾಗಬೇಕಾದರೆ ಚೀಲದಲ್ಲಿ ಏನಿತ್ತು ಎನ್ನುವುದು ಗೊತ್ತಿರಬೇಕು. ಆ ಕಾಲದ ಅಮೆರಿಕನ್ ಮೆಡಿಕ್‌ಗಳು ಎರಡು ಕ್ಯಾನ್ವಾಸ್ ಚೀಲಗಳನ್ನು ಹೆಗಲಪಟ್ಟಿಗೆ ತೂಗುಹಾಕಿಕೊಂಡು ಓಡಾಡುತ್ತಿದ್ದರು. ಒಳಗೆ ನಾಲ್ಕು ಬಾಲವಿದ್ದ ಒತ್ತುಪಟ್ಟಿಗಳು, ತ್ರಿಕೋನ ಪಟ್ಟಿಗಳು, ಒಂದು ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಕತ್ತರಿ, ಸೋಂಕು ತಡೆಯಲೆಂದು 5 ಗ್ರಾಂ ಸಲ್ಫಾ ಪುಡಿಯ ಪೊಟ್ಟಣಗಳು, ನೋವು ಇಳಿಸುವ ಮಾರ್ಫಿನ್ನಿನ ಸಿರೆಟ್‌ಗಳು. ಸಿರೆಟ್ ಅಂದರೆ ಚಿಕ್ಕ ಟೂತ್‌ಪೇಸ್ಟ್ ಟ್ಯೂಬಿನ ತುದಿಗೆ ಸೂಜಿ ಕೂರಿಸಿದ ಹಾಗೆ. ಸೂಜಿಯೊಳಗಿನ ತಂತಿಯನ್ನು ಒತ್ತಿ ಒಳಗಿನ ಮುದ್ರೆ ಒಡೆಯಬೇಕು, ತಂತಿ ತೆಗೆದೆಸೆಯಬೇಕು, ಸೂಜಿಯನ್ನು ಚರ್ಮದಡಿ ಚುಚ್ಚಿ ಟ್ಯೂಬನ್ನು ಬುಡದಿಂದ ಹಿಂಡಬೇಕು. ಒಂದರಲ್ಲಿ ಅರ್ಧ ಗ್ರೇನ್, ಅಂದರೆ ಸುಮಾರು 32 ಮಿಲಿಗ್ರಾಂ. ಇಂದಿನ ಕಣ್ಣಿಗೆ ಇದು ದೊಡ್ಡ ಡೋಸ್. ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಚುಚ್ಚಿಡುವುದು ಕಡ್ಡಾಯ. ಅದು ಮುಂದಿನ ಡಾಕ್ಟರಿಗೆ ಬರೆದ ಚೀಟಿ ಇದ್ದ ಹಾಗೆ.

ಎಡವಟ್ಟಾಗುತ್ತಿದ್ದುದೂ ಇಲ್ಲೇ. ರಕ್ತ ಹೋಗಿ ಮೈ ತಣ್ಣಗಾದವನ ಚರ್ಮದಡಿಯಲ್ಲಿ ರಕ್ತ ಓಡುತ್ತಿರುವುದಿಲ್ಲ, ಕೊಟ್ಟ ಮಾರ್ಫಿನ್ ಅಲ್ಲೇ ನಿಂತುಬಿಡುತ್ತದೆ. ನೋವು ಇಳಿಯಲಿಲ್ಲವಲ್ಲ ಎಂದು ಇನ್ನೊಂದು ಚುಚ್ಚುತ್ತಾರೆ. ಹಿಂದಕ್ಕೆ ಸಾಗಿಸಿ ಕಂಬಳಿ ಹೊದಿಸಿ ಪ್ಲಾಸ್ಮಾ (ರಕ್ತದ ದ್ರವಭಾಗ) ಏರಿಸಿದಾಗ ಮೈ ಬಿಸಿಯಾಗುತ್ತದೆ, ಎರಡೂ ಡೋಸು ಒಟ್ಟಿಗೇ ರಕ್ತಕ್ಕೆ ಇಳಿದು ಉಸಿರು ನಿಧಾನವಾಗುತ್ತ ನಿಂತೇಹೋಗಬಹುದು. ಕಾಲರಿನ ಟ್ಯೂಬುಗಳನ್ನು ಎಣಿಸಬೇಕು ಎನ್ನುವುದು ಇದಕ್ಕೆ. ತಲೆಗೆ ಪೆಟ್ಟಾದವನಿಗಂತೂ ಕೊಡಲೇಬಾರದು. ಸಲ್ಫಾ ಪುಡಿಯ ಮೇಲೆ ಅಂದು ಎಲ್ಲರಿಗೂ ಅಪಾರ ನಂಬಿಕೆಯಿತ್ತು. ಗಾಯದ ಮೇಲೆ ಉದುರಿಸುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಸತ್ತ ಮಾಂಸ ಮತ್ತು ಮಣ್ಣನ್ನು ಸರ್ಜನ್ ಕತ್ತರಿಸಿ ತೆಗೆಯುವುದೇ ನಿಜವಾದ ಚಿಕಿತ್ಸೆ ಎನ್ನುವುದು ನಿಧಾನವಾಗಿ ಸ್ಪಷ್ಟವಾಯಿತು.

ಪ್ಲಾಸ್ಮಾದ ವಿಷಯವನ್ನು ನಿನ್ನ ಹುಡುಗರಿಗೆ ಹೇಳಲೇಬೇಕು. ಒಣಗಿಸಿದ ಪ್ಲಾಸ್ಮಾ ಒಂದು ಬಾಟಲಿಯಲ್ಲಿ, ಶುದ್ಧೀಕರಿಸಿದ ನೀರು ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿ, ಪೂರ್ತಿ ಕರಗುವ ತನಕ ಕಾದು, ರಬ್ಬರ್ ನಳಿಗೆ ಜೋಡಿಸಿ, ಅದರೊಳಗಿನ ಗಾಳಿ ಹೊರಡಿಸಿ, ಆಮೇಲೆ ರಕ್ತನಾಳ ಹುಡುಕಬೇಕು. ರಕ್ತ ಕಳೆದುಕೊಂಡವನ ನಾಳಗಳು ಒಳಗೇ ಕುಸಿದು ಬೆರಳಿಗೆ ಸಿಕ್ಕುವುದಿಲ್ಲ. ನಾಳ ಸಿಕ್ಕ ಮೇಲೂ ಬಾಟಲಿ ಗಾಯಾಳುವಿಗಿಂತ ಎತ್ತರದಲ್ಲಿ ಇರಬೇಕು, ಇಲ್ಲದಿದ್ದರೆ ಹರಿಯುವುದಿಲ್ಲ. ಅಂದರೆ ಎಲ್ಲರೂ ನೆಲಕ್ಕೆ ಅಂಟಿಕೊಂಡಿರುವಾಗ ಒಬ್ಬ ಕೈ ಎತ್ತಿ ಹಿಡಿದಿರಬೇಕು, ಅಥವಾ ನೆಲಕ್ಕೆ ನೆಟ್ಟ ರೈಫಲ್ಲಿಗೆ ತೂಗುಹಾಕಬೇಕು. ಮೇ 5ರಂದು ಡಾಸ್ ಒಬ್ಬ ಫಿರಂಗಿದಳದ ಅಧಿಕಾರಿಗೆ, ಸುತ್ತ ಶೆಲ್ಲುಗಳು ಬೀಳುತ್ತಿರುವಾಗಲೇ, ಪ್ಲಾಸ್ಮಾ ಕೊಟ್ಟ ಎಂದು ಅವನಿಗೆ ಆಮೇಲೆ ಬಂದ ಮೆಡಲ್ ಆಫ್ ಆನರ್ (ಅಮೆರಿಕದ ಅತ್ಯುನ್ನತ ಶೌರ್ಯ ಪದಕ) ಜೊತೆಗಿನ ಪ್ರಶಸ್ತಿ ಪತ್ರ ಹೇಳುತ್ತದೆ. ಓದುವಾಗ ಒಂದೇ ಸಾಲು ಅದು. ಕೆಲಸದ ಹಂತಗಳನ್ನು ಎಣಿಸಿದರೆ ಅವನು ಎಷ್ಟು ಹೊತ್ತು ಬಯಲಲ್ಲಿ ಕೂತಿರಬೇಕಾಯಿತು ಎಂದು ಗೊತ್ತಾಗುತ್ತದೆ.

ಇನ್ನು ಆ ರಾತ್ರಿ. ಜಾಗ ಒಕಿನಾವಾದ ಶುರಿ ಹತ್ತಿರದ ಎತ್ತರದ ನೆಲ. ಶುರಿಯ ಕೋಟೆಯ ಅಡಿಯಲ್ಲೇ ಜಪಾನಿ ಸೇನೆಯ ಕೇಂದ್ರಸ್ಥಾನವಿತ್ತು. ಅಮೆರಿಕನ್ನರದು ರಾತ್ರಿ ದಾಳಿ. ಪೆಸಿಫಿಕ್ ಯುದ್ಧದಲ್ಲಿ ಕತ್ತಲಾದ ಮೇಲೆ ಹೊಂಡದಿಂದ ಹೊರಗೆ ಅಲುಗಾಡಿದ್ದಕ್ಕೆಲ್ಲ ಗುಂಡು ಹೊಡೆಯುವುದು ವಾಡಿಕೆ, ಏಕೆಂದರೆ ಜಪಾನಿಯರು ಕತ್ತಲಲ್ಲೇ ಒಳನುಗ್ಗುತ್ತಿದ್ದರು. ಮೆಡಿಕ್‌ಗಳು ಕೆಂಪು ಶಿಲುಬೆಯ ಗುರುತನ್ನೂ ಕಿತ್ತುಹಾಕಿದ್ದರು, ಅದು ಗುರಿಯಿಡಲು ಅನುಕೂಲವಾಗುತ್ತಿತ್ತು. ಹಾಗಾಗಿ ಕಂಪನಿಯವರೆಲ್ಲ ಮರೆ ಹಿಡಿದ ಮೇಲೆ ಬಯಲಲ್ಲಿ ಗಾಯಾಳುಗಳ ನಡುವೆ ಉಳಿದ ಡಾಸ್‌ಗೆ ಎರಡು ಕಡೆಯಿಂದಲೂ ಅಪಾಯ. ಅವನ ಬಳಿಯೇ ಗ್ರೆನೇಡ್ ಸಿಡಿದು ಎರಡೂ ಕಾಲಿಗೆ ಚೂರುಗಳು ಹೊಕ್ಕವು.

ಗ್ರೆನೇಡ್ ಚೂರಿನ ಗಾಯ ನೋಡಲು ಸಣ್ಣದು, ಒಳಗೆ ಆಳ. ಬಟ್ಟೆಯ ಎಳೆ, ಮಣ್ಣು, ಎಲ್ಲವನ್ನೂ ಎಳೆದುಕೊಂಡೇ ಒಳಹೋಗುತ್ತದೆ. ಅದನ್ನು ಅಲ್ಲೇ ಕೆದಕಿ ತೆಗೆಯಲು ಹೋಗಬಾರದು, ಚೂರು ಮುಚ್ಚಿ ಹಿಡಿದಿದ್ದ ರಕ್ತನಾಳ ತೆರೆದುಕೊಂಡೀತು. ಕತ್ತಲಲ್ಲಿ ಟಾರ್ಚ್ ಹಾಕುವ ಹಾಗಿಲ್ಲ, ಕೈಯೇ ಕಣ್ಣು. ತೊಡೆಯಿಂದ ಪಾದದವರೆಗೆ ಅಂಗೈ ಸವರುತ್ತ ಬಂದು ಬೆಚ್ಚಗೆ ಒದ್ದೆಯಾದ ಜಾಗ ಹುಡುಕಬೇಕು, ಪ್ಯಾಂಟಿನ ಕಾಲು ಕತ್ತರಿಸಬೇಕು, ಪಟ್ಟಿ ಒತ್ತಿ ಬಿಗಿಯಬೇಕು. ರಕ್ತ ನಿಲ್ಲಿಸಲು ಕಟ್ಟುವ ಪಟ್ಟಿಯ ಗಂಟು ಗಾಯದ ನೇರಕ್ಕೇ ಬರಬೇಕು. ಒಳಗೆ ಮೂಳೆ ಮುರಿದಿದ್ದರೆ ಅಥವಾ ಚೂರು ಹೊರಗೆ ಚಾಚಿದ್ದರೆ ಗಂಟು ಅಲ್ಲಿ ಬರಕೂಡದು. ಟೂರ್ನಿಕೆಯನ್ನು ಎರಡು ಗಂಟೆಗಿಂತ ಹೆಚ್ಚು ಬಿಗಿದಿಟ್ಟರೆ ಕಾಲು ಉಳಿಯುವ ಭರವಸೆ ಕಡಿಮೆಯಾಗುತ್ತ ಹೋಗುತ್ತದೆ. ಒತ್ತುಪಟ್ಟಿಯಲ್ಲೇ ರಕ್ತ ನಿಲ್ಲುವುದಾದರೆ ಕಾಯಬೇಕಾದವನಿಗೆ ಅದೇ ಒಳ್ಳೆಯದು. ಡಾಸ್ ಕಾದದ್ದು 5 ಗಂಟೆ.

ಇಲ್ಲಿ ಅವನು ಮಾಡಿದ ಮೊದಲ ನಿರ್ಧಾರ ನನಗೆ ತುಂಬ ದೊಡ್ಡದು. ಇನ್ನೊಬ್ಬ ಮೆಡಿಕ್‌ನನ್ನು ಮರೆಯಿಂದ ಹೊರಗೆ ಕರೆಯಲಿಲ್ಲ. ಅವನೂ ಬಿದ್ದರೆ ಬೆಳಗಿನವರೆಗೆ ಉಳಿದವರನ್ನು ನೋಡುವವರು ಕಡಿಮೆಯಾಗುತ್ತಾರೆ. ತನ್ನ ಗಾಯ ತನ್ನ ಕೈಗೆ ಎಟುಕುವಂಥದ್ದು, ರಕ್ತ ಹಿಡಿತಕ್ಕೆ ಬರುವಂಥದ್ದು. ಹಾಗಿದ್ದ ಮೇಲೆ ಕರೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಇದನ್ನು ಬರೀ ತ್ಯಾಗ ಎಂದು ಹೊಗಳಿ ಮುಂದೆ ಹೋಗುವವರನ್ನು ಕಂಡರೆ ನನಗೆ ಬೇಸರ. ಅದರೊಳಗೆ ಕಸುಬು ಬಲ್ಲವನ ಲೆಕ್ಕವಿದೆ.

5 ಗಂಟೆಯ ನಂತರ ಸ್ಟ್ರೆಚರ್ ಹೊರುವವರು ಬಂದು ಎತ್ತಿಕೊಂಡು ಹೊರಟರು. ದಾರಿಯಲ್ಲಿ ಶತ್ರು ಟ್ಯಾಂಕುಗಳ ದಾಳಿಗೆ ಸಿಕ್ಕರು. ಹತ್ತಿರದಲ್ಲೇ ತನಗಿಂತ ಗಂಭೀರವಾಗಿ ಗಾಯಗೊಂಡವನೊಬ್ಬ ಕಂಡ. ಡಾಸ್ ಸ್ಟ್ರೆಚರಿನಿಂದ ತಾನೇ ಉರುಳಿ ಇಳಿದ, ಮೊದಲು ಅವನನ್ನು ನೋಡಿ ಎಂದ. ಸ್ಟ್ರೆಚರ್ ಇದ್ದದ್ದು ಒಂದೇ. ತಡವಾದರೆ ಯಾರಿಗೆ ಹೆಚ್ಚು ನಷ್ಟ ಎನ್ನುವುದೊಂದೇ ಅಲ್ಲಿನ ಪ್ರಶ್ನೆ. ಯಾವ ಮೆಡಿಕ್ ಆದರೂ ಇಬ್ಬರು ಅಪರಿಚಿತರ ನಡುವೆ ಇದೇ ತೀರ್ಪು ಕೊಡುತ್ತಿದ್ದ. ಆ ಇಬ್ಬರಲ್ಲಿ ಒಬ್ಬ ತಾನೇ ಆಗಿದ್ದಾಗಲೂ ತೀರ್ಪು ಬದಲಾಗಲಿಲ್ಲ. ಅದಕ್ಕೆ ಬೆಲೆಯನ್ನೂ ತೆತ್ತ. ಸ್ಟ್ರೆಚರಿನವರು ಮರಳುವುದನ್ನು ಕಾಯುತ್ತಿದ್ದಾಗ ಮತ್ತೆ ಏಟು ಬಿತ್ತು, ಒಂದು ತೋಳಿನ ಮೂಳೆ ಮುರಿದು ಗಾಯ ಬಾಯ್ತೆರೆಯಿತು.

ನಿನ್ನ ಪ್ರಶ್ನೆ ಈಗ. ಮೇಲ್ತೋಳಿನ ಮೂಳೆಯನ್ನೇ ತೆಗೆದುಕೋ. ಅದಕ್ಕೆ ಅಂಟಿಕೊಂಡೇ ಒಂದು ಮುಖ್ಯ ನರ ಸುತ್ತಿಕೊಂಡು ಇಳಿಯುತ್ತದೆ. ಮುರಿದ ತುದಿ ಅಲುಗಿದಾಗಲೆಲ್ಲ ಆ ನರವನ್ನೂ ಪಕ್ಕದ ರಕ್ತನಾಳವನ್ನೂ ಗರಗಸದಂತೆ ಕೊಯ್ಯಬಹುದು. ನರ ಹೋದರೆ ಮಣಿಕಟ್ಟು ಜೋತುಬೀಳುತ್ತದೆ. ತೆವಳಿಕೊಂಡು ಹೋಗಲೇಬೇಕಾದವನು ಮೊದಲು ತೋಳನ್ನು ಅಲುಗದಂತೆ ಮಾಡಲೇಬೇಕು, ಬೇರೆ ದಾರಿಯಿಲ್ಲ. ಕಟ್ಟುವ ದಬ್ಬೆ ಗಟ್ಟಿಯಿರಬೇಕು, ಮುರಿದ ಜಾಗದ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ಆನುವಷ್ಟು ಉದ್ದವಿರಬೇಕು. ಯುದ್ಧಭೂಮಿಯಲ್ಲಿ ಹಾಗೆ ಬಿದ್ದಿರುವ ಮರ ಅಂದರೆ ರೈಫಲ್ಲಿನ ಸ್ಟಾಕ್, ಭುಜಕ್ಕೆ ಆನಿಸುವ ಭಾಗ. ಅಗಲ ಇದೆ, ಮಾಗಿದ ಗಟ್ಟಿಮರ, ಅಂಚು ನಯ. ಆದರೆ ಇಡೀ ರೈಫಲ್ ಕಟ್ಟುವುದು ಕಷ್ಟ. ಅಂದಿನ ಎಂ1 ರೈಫಲ್ ಸುಮಾರು 110 ಸೆಂಟಿಮೀಟರ್ ಉದ್ದ, 4.3 ಕಿಲೋ ತೂಕ. ಗುಂಡು ತುಂಬಿದ್ದರಂತೂ ಇನ್ನೊಂದು ಆಪತ್ತು. ಪ್ರಶಸ್ತಿ ಪತ್ರದಲ್ಲಿ ಸ್ಟಾಕ್ ಎಂದಷ್ಟೇ ಇದೆ.

ಒಂದೇ ಕೈಯಲ್ಲಿ ಕಟ್ಟುವ ಕ್ರಮ ಹೀಗೆ. ಮೊದಲು ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳದೆ ಗಾಯಕ್ಕೆ ಪಟ್ಟಿ ಮುಚ್ಚಬೇಕು. ದಬ್ಬೆಗೂ ತೋಳಿಗೂ ನಡುವೆ ಬಟ್ಟೆ ಒತ್ತಿಡಬೇಕು, ಇಲ್ಲದಿದ್ದರೆ ಮೊಣಕೈಯ ಎಲುಬಿನ ಮೇಲೆ ಮರ ಒತ್ತಿ ಚರ್ಮ ಸಾಯುತ್ತದೆ. ದಬ್ಬೆಯನ್ನು ನೆಲಕ್ಕೂ ಮೈಗೂ ನಡುವೆ ಅಮುಕಿ ಹಿಡಿದುಕೊಂಡು, ಪಟ್ಟಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಸುತ್ತಿ ಎಳೆದು ಗಂಟು ಹಾಕಬೇಕು. ಮೊದಲ ಕಟ್ಟು ಮುರಿತದ ಮೇಲ್ಗಡೆ, ಎರಡನೆಯದು ಕೆಳಗಡೆ, ಮುರಿತದ ಮೇಲೆ ಯಾವುದೂ ಬೇಡ. ಆಮೇಲೆ ಅಗಲ ಪಟ್ಟಿಯಿಂದ ತೋಳನ್ನು ಎದೆಗೆ ಸೇರಿಸಿ ಬಿಗಿಯಬೇಕು. ಹುಡುಗರು ಮರೆಯುವುದು ಈ ಕೊನೆಯ ಕಟ್ಟನ್ನೇ, ಅದಿಲ್ಲದಿದ್ದರೆ ಭುಜದ ಕೀಲು ಅಲುಗುತ್ತಲೇ ಇರುತ್ತದೆ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಕಟ್ಟು ಬಿಗಿಯಾಯಿತು, ಸಡಿಲಿಸಬೇಕು. ತಣ್ಣಗಿನ ಕತ್ತಲಲ್ಲಿ ಈ ಪರೀಕ್ಷೆ ಕೈಕೊಡುತ್ತದೆ, ಆಗ ಬೆರಳು ಜೋಮು ಹಿಡಿದಿದೆಯೇ ಎಂದು ನೋಡಿಕೊಳ್ಳುವುದೇ ಗತಿ.

ಹಾಗೆ ಕಟ್ಟಿಕೊಂಡು ಅವನು ಏರುಪೇರಿನ ನೆಲದಲ್ಲಿ 300 ಗಜ, ನಮ್ಮ ಲೆಕ್ಕದಲ್ಲಿ ಸುಮಾರು 275 ಮೀಟರ್, ತೆವಳಿ ಚಿಕಿತ್ಸಾ ಠಾಣೆ ಸೇರಿದ. ಎರಡು ಕಾಲೂ ಗಾಯ, ಒಂದು ತೋಳು ಎದೆಗೆ ಬಿಗಿದಿದೆ, ಉಳಿದದ್ದು ಒಂದು ಮೊಣಕೈ. ನಿಮ್ಮ ಕಾಲೇಜು ಮೈದಾನದ 400 ಮೀಟರ್ ಟ್ರ್ಯಾಕಿನಲ್ಲಿ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಅದು.

1945ರ ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಮೆಡಲ್ ಆಫ್ ಆನರ್ ತೊಡಿಸಿದರು. ಆಯುಧ ಹಿಡಿಯಲು ಒಪ್ಪದವರಲ್ಲಿ ಆ ಪದಕ ಪಡೆದ ಮೊದಲಿಗ ಅವನು. ಅನಂತರ ಪಡೆದ ಇಬ್ಬರೂ ವಿಯೆಟ್ನಾಂ ಯುದ್ಧದ ಮೆಡಿಕ್‌ಗಳು, ಇಬ್ಬರಿಗೂ ಸತ್ತ ಮೇಲೆ ಬಂತು. ಡಾಸ್‌ಗೆ ಮುಂದಿನ ವರ್ಷವೇ ಕ್ಷಯ ಇರುವುದು ಗೊತ್ತಾಯಿತು. ಐದು ವರ್ಷಕ್ಕೂ ಮೀರಿದ ಆಸ್ಪತ್ರೆವಾಸ, ಒಂದು ಶ್ವಾಸಕೋಶ ಹೋಯಿತು, 5 ಪಕ್ಕೆಲುಬು ಹೋದವು. 1976ರ ಹೊತ್ತಿಗೆ ಔಷಧಗಳ ಪರಿಣಾಮದಿಂದ ಕಿವಿ ಪೂರ್ತಿ ಹೋಯಿತು, 1988ರಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಅಳವಡಿಸುವ ಶ್ರವಣ ಸಾಧನ) ಕೂರಿಸುವವರೆಗೆ ಏನೂ ಕೇಳಿಸುತ್ತಿರಲಿಲ್ಲ. 2006ರ ಮಾರ್ಚ್ 23ರಂದು ತೀರಿಕೊಂಡ. ಯುದ್ಧದ ಗಾಯ ಅಂದಾಗ ಈ ವರ್ಷಗಳನ್ನೂ ಸೇರಿಸಿ ಹೇಳು, ಹುಡುಗರು ಪದಕದ ಫೋಟೋದಲ್ಲೇ ನಿಂತುಬಿಡುತ್ತಾರೆ.

ಮುಂದಿನ ಕ್ಲಾಸಿಗೆ ತಲಾ 4 ತ್ರಿಕೋನ ಪಟ್ಟಿ, ಒಂದು ಟವೆಲ್, ಎರಡಡಿಯ ಒಂದು ಹಲಗೆ ಸಾಕು. ಅಂಗಾತ ಮಲಗಿಸು, ಕಣ್ಣಿಗೆ ಬಟ್ಟೆ ಕಟ್ಟು, ಬಲಗೈಯವರಿಗೆ ಎಡಗೈ ಮಾತ್ರ ಬಿಡು, ಮೇಲ್ತೋಳಿಗೆ ದಬ್ಬೆ ಕಟ್ಟಿಕೊಳ್ಳಲು ಹೇಳು. ಹಲ್ಲಲ್ಲಿ ಕಚ್ಚುವ ಪಟ್ಟಿ ಒಗೆದದ್ದಾಗಿರಲಿ. ಮೊದಲ ಸಲ ಯಾರದೂ ನಿಲ್ಲುವುದಿಲ್ಲ, ಟವೆಲ್ ಜಾರುತ್ತದೆ. ಟವೆಲನ್ನು ಮೊದಲೇ ಹಲಗೆಗೆ ಸುತ್ತಿ ಕಟ್ಟಿಟ್ಟುಕೊಂಡರೆ ಎರಡನೇ ಸಲಕ್ಕೆ ನಿಲ್ಲುತ್ತದೆ. ಅದನ್ನು ನೀನು ಹೇಳಬೇಡ, ಅವರೇ ಕಂಡುಕೊಳ್ಳಲಿ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆದು ಕಳಿಸು.

ಇಂತಿ ನಿನ್ನ ಗೆಳೆಯ