ವೇಲ್ಸ್ ಕಡಲಿಗೆ ಹೋಗುವವರು ಮೊದಲು ಇಳಿತದ ಗಂಟೆ ನೋಡಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ವೇಲ್ಸ್ ಕರಾವಳಿಗೆ ಚಳಿಗಾಲದಲ್ಲಿ ಕುಟುಂಬ ಸಮೇತ ಎರಡು ದಿನ ಹೋಗಿಬರುವ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಬರಹಕ್ಕೆ ಈ ಪತ್ರ. ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು ಕಡೆಯ ಮನೆಗಳ ಮಕ್ಕಳು ಈಗ ಕಾರ್ಡಿಫ್, ಸ್ವಾನ್ಸಿ, ಬ್ರಿಸ್ಟಲ್‌ಗಳಲ್ಲಿ ಓದುತ್ತಿದ್ದಾರೆ, ಆಸ್ಪತ್ರೆ ಮತ್ತು ಕಂಪನಿಗಳಲ್ಲಿ ಕೆಲಸಕ್ಕಿದ್ದಾರೆ. ಡಿಸೆಂಬರ್ ರಜೆಗೆ ಇಲ್ಲಿಂದ ಅಪ್ಪ-ಅಮ್ಮ ಹೋದರೆ, ಮೊಮ್ಮಕ್ಕಳನ್ನೂ ಕರೆದುಕೊಂಡು ಒಂದು ವಾರಾಂತ್ಯ ಸಮುದ್ರ ನೋಡಲು ಹೊರಡುವುದು ಸಹಜ. ನಿಮ್ಮ ಬರಹದಲ್ಲಿ ಎರಡು ದಿನಕ್ಕೆ ಏಳು ಊರುಗಳ ಪಟ್ಟಿ ಇತ್ತು. ಸಮುದ್ರ ಎಷ್ಟು ಗಂಟೆಗೆ ಇಳಿಯುತ್ತದೆ, ಕತ್ತಲು ಎಷ್ಟು ಗಂಟೆಗೆ ಬೀಳುತ್ತದೆ ಎಂಬುದು ಎಲ್ಲೂ ಇರಲಿಲ್ಲ. ಅಲ್ಲಿಯ ಚಳಿಗಾಲದ ಪ್ರವಾಸ ನಿಂತಿರುವುದೇ ಆ ಎರಡರ ಮೇಲೆ.

ಮೊದಲು ಬೆಳಕಿನ ವಿಷಯ. ವೇಲ್ಸಿನ ನೈಋತ್ಯ ಮೂಲೆಯ ಟೆನ್‌ಬಿ ಊರಿನಲ್ಲಿ ಡಿಸೆಂಬರ್ ಕೊನೆಯ ವಾರ ಸೂರ್ಯ ಹುಟ್ಟುವುದು ಬೆಳಿಗ್ಗೆ 8.25ರ ಸುಮಾರಿಗೆ, ಮುಳುಗುವುದು ಸಂಜೆ 4.15ರ ಸುಮಾರಿಗೆ. ಮೋಡ ಕವಿದ ದಿನ ಮೂರೂವರೆಗೇ ಕಾಲದಾರಿ ಕಾಣದು. ನಮ್ಮ ಬಳ್ಳಾರಿಯಲ್ಲಿ ಆ ತಿಂಗಳೂ ಹನ್ನೊಂದು ತಾಸಿಗಿಂತ ಹೆಚ್ಚು ಹಗಲಿರುತ್ತದೆ. ಆ ಲೆಕ್ಕದಲ್ಲಿ ಎಲ್ಲರ ಸ್ನಾನ, ನಾಷ್ಟಾ ಮುಗಿಸಿ ಹನ್ನೊಂದಕ್ಕೆ ಹೊರಟರೆ ಅಲ್ಲಿ ಕೈಗೆ ಸಿಗುವುದು ನಾಲ್ಕೈದು ತಾಸು ಮಾತ್ರ. ಅಷ್ಟರಲ್ಲಿ ಒಂದೇ ಜಾಗ ನೋಡಬಹುದು. ಫೆಬ್ರುವರಿ ನಡುವಿಗೆ ಹೋದರೆ ಸಂಜೆ ಐದೂವರೆವರೆಗೂ ಬೆಳಕು ಸಿಗುತ್ತದೆ, ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲುಗಳಲ್ಲಿ ಹಲವು ಆ ತಿಂಗಳ ಶಾಲಾ ರಜೆಗೆ ಬಾಗಿಲು ತೆರೆಯುತ್ತವೆ. ರಜೆ ಹೊಂದಿಸಿಕೊಳ್ಳಲು ಸಾಧ್ಯವಿದ್ದವರಿಗೆ ಡಿಸೆಂಬರಿಗಿಂತ ಅದೇ ಒಳ್ಳೆಯದು.

ಇನ್ನು ನೀರು. ತುಂಗಭದ್ರಾ ಜಲಾಶಯದ ಮಟ್ಟವನ್ನು ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ನೋಡುವವರು ನಾವು. 1633 ಅಡಿಗೆ ಇನ್ನೆಷ್ಟು ಬಾಕಿ ಎಂದು ಲೆಕ್ಕ ಹಾಕುತ್ತೇವೆ, ಒಂದೇ ದಿನ ಮೂರ್ನಾಲ್ಕು ಅಡಿ ಏರಿದರೆ ಅದು ದೊಡ್ಡ ಸುದ್ದಿ. ಟೆನ್‌ಬಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸಮುದ್ರ ಆರು ತಾಸಿನಲ್ಲಿ ಸುಮಾರು 7.5 ಮೀಟರ್, ಅಂದರೆ ಹತ್ತಿರಹತ್ತಿರ 25 ಅಡಿ ಏರುತ್ತದೆ. ಮುಂದಿನ ಆರು ತಾಸಿನಲ್ಲಿ ಅಷ್ಟೇ ಇಳಿಯುತ್ತದೆ. ಇನ್ನೂ ಒಳಗೆ ಕಾರ್ಡಿಫ್ ಬಳಿ ಈ ಅಂತರ 12 ಮೀಟರ್ ದಾಟುವ ದಿನಗಳಿವೆ. ನಮ್ಮ ಮಂಗಳೂರು, ಕಾರವಾರಗಳಲ್ಲಿ ಅದು ಒಂದೂವರೆ-ಎರಡು ಮೀಟರ್ ಅಷ್ಟೇ. ಕಾರಣ ವೇಲ್ಸಿನ ದಕ್ಷಿಣಕ್ಕೆ ಒಳಚಾಚಿದ ಬ್ರಿಸ್ಟಲ್ ಚಾನೆಲ್ ಎಂಬ ಕಡಲತೋಳಿನ ಆಕಾರ: ಅಟ್ಲಾಂಟಿಕ್ ಕಡೆ ಅಗಲವಾದ ಬಾಯಿ, ಒಳಗೆ ಹೋದಂತೆ ಕಿರಿದು, ತಳವೂ ಮೇಲೇರುತ್ತ ಹೋಗುತ್ತದೆ. ಒಳನುಗ್ಗಿದ ನೀರಿಗೆ ಮೇಲೇಳುವುದು ಬಿಟ್ಟು ಬೇರೆ ದಾರಿಯಿಲ್ಲ. ಕೆನಡಾದ ಫಂಡಿ ಕೊಲ್ಲಿ ಬಿಟ್ಟರೆ ಇಷ್ಟು ದೊಡ್ಡ ಉಬ್ಬರ-ಇಳಿತ ಬೇರೆ ಕಡೆ ಕಾಣುವುದು ಅಪರೂಪ.

ಆರು ತಾಸೂ ಒಂದೇ ವೇಗದಲ್ಲಿ ನೀರು ಏರುವುದಿಲ್ಲ. ಜನ ಮೋಸ ಹೋಗುವುದು ಇಲ್ಲಿಯೇ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸಿಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ತಾಸಿಗೆ ಮೂರು ಮೂರು, ಆಮೇಲೆ ಎರಡು, ಒಂದು. ಮೀನುಗಾರರು, ದೋಣಿಯವರು ಹಿಂದಿನಿಂದ ಬಳಸಿಕೊಂಡು ಬಂದ ಅಂದಾಜಿನ ಲೆಕ್ಕ ಇದು. 7.5 ಮೀಟರಿನ ದಿನ ಮೊದಲ ತಾಸಿನಲ್ಲಿ ನೀರು ಮೊಣಕಾಲು ದಾಟುವಷ್ಟು ಮಾತ್ರ ಏರುತ್ತದೆ. ಅದನ್ನು ನೋಡಿ 'ನಿಧಾನವಾಗಿ ಬರುತ್ತಿದೆ, ಇನ್ನೂ ಹೊತ್ತಿದೆ' ಎಂದುಕೊಳ್ಳುತ್ತಾರೆ. ಮೂರನೆಯ ತಾಸಿನಲ್ಲಿ ಅದೇ ನೀರು ಸುಮಾರು 1.9 ಮೀಟರ್ ಏರುತ್ತದೆ, ಒಂದಾಳು ಮುಳುಗುವಷ್ಟು. ಮರಳು ಐವತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಾಗಿದ್ದರೆ ಒಂದೇ ತಾಸಿನಲ್ಲಿ ದಂಡೆ 95 ಮೀಟರಿನಷ್ಟು ಹಿಂದೆ ಸರಿಯಿತೆಂದೇ ಲೆಕ್ಕ. ಮರಳು ಎಲ್ಲೆಡೆ ಸಮನಾಗಿಯೂ ಇರುವುದಿಲ್ಲ. ತಗ್ಗುಗಳು ಮೊದಲು ತುಂಬಿಕೊಂಡು, ನಾವು ನಿಂತ ದಿಬ್ಬ ಒಣಗಿದ್ದರೂ ಹಿಂದಿನ ದಾರಿ ಮುಚ್ಚಿಹೋಗಿರುತ್ತದೆ.

ನಮ್ಮ ಗೋಡೆಯ ಕ್ಯಾಲೆಂಡರ್ ಇದಕ್ಕೆ ಬಹಳ ನೆರವಾಗುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯಾಗಿ ಒಂದೆರಡು ದಿನಕ್ಕೆ ಉಬ್ಬರ-ಇಳಿತ ಅತಿ ದೊಡ್ಡದು. ಟೆನ್‌ಬಿ ಮತ್ತು ಸ್ವಾನ್ಸಿ ಪಕ್ಕದ ಗೌವರ್ ಪರ್ಯಾಯದ್ವೀಪದ ತೀರಗಳಲ್ಲಿ ಆ ದಿನಗಳ ಇಳಿತ ಬೀಳುವುದು ಮಧ್ಯಾಹ್ನ ಹನ್ನೆರಡರಿಂದ ಒಂದೂವರೆಯ ಆಸುಪಾಸಿಗೆ. ಚಳಿಗಾಲದ ಗಿಡ್ಡ ಹಗಲಿನ ಸರಿ ನಡುವೆ ವಿಶಾಲ ಮರಳು ಸಿಕ್ಕಂತಾಯಿತು. ಅಷ್ಟಮಿಯ ಸುಮಾರಿಗೆ ಇದು ತಿರುವುಮುರುವು: ಉಬ್ಬರ ಮಧ್ಯಾಹ್ನಕ್ಕೆ, ಇಳಿತ ಬೆಳಿಗ್ಗೆ-ಸಂಜೆಯ ಕತ್ತಲಿಗೆ. ಏರಿಳಿತದ ಅಂತರವೂ ಅರ್ಧಕ್ಕಿಂತ ಕಡಿಮೆ. ಮಕ್ಕಳಿಗೆ ಮರಳಲ್ಲಿ ಆಡಬೇಕೆಂದಿದ್ದರೆ ಅಮಾವಾಸ್ಯೆ, ಹುಣ್ಣಿಮೆಗೆ ಹೊಂದಿಕೊಂಡ ಶನಿವಾರ-ಭಾನುವಾರ ಹಿಡಿಯಿರಿ. ಅಷ್ಟಮಿಯ ವಾರ ಬಂದರೆ ಕೋಟೆ, ಊರಗೋಡೆಗಳನ್ನು ನೋಡಿ. ಆದರೆ ಕ್ಯಾಲೆಂಡರ್ ವಾರವನ್ನು ಆರಿಸಲು ಮಾತ್ರ. ಗಂಟೆಯನ್ನು ಆ ಊರಿನ ಉಬ್ಬರ-ಇಳಿತದ ಪಟ್ಟಿಯಲ್ಲೇ ನೋಡಬೇಕು. ಪಕ್ಕದೂರಿನ ಪಟ್ಟಿ ಬೇಡ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬುದು ನೆನಪಿದ್ದರೆ ಶನಿವಾರದ ಗಂಟೆಯನ್ನು ಭಾನುವಾರಕ್ಕೂ ಹಚ್ಚುವ ತಪ್ಪಾಗದು. ಬಿರುಗಾಳಿಯ ದಿನ ವಾಯುಭಾರ ಕುಸಿದು, ಗಾಳಿ ನೆಲದ ಕಡೆ ಬೀಸಿದರೆ ನೀರು ಪಟ್ಟಿಗಿಂತ ಎತ್ತರ ಬರುತ್ತದೆ. ಅಂಥ ದಿನ ಯಾವ ಲೆಕ್ಕವನ್ನೂ ನಂಬಬಾರದು.

ಗೌವರ್‌ನ ರೊಸ್ಸಿಲಿಯಲ್ಲಿ ವರ್ಮ್ಸ್ ಹೆಡ್ ಎಂಬ ಬಂಡೆಗುಡ್ಡವಿದೆ. ಇಳಿತದ ಹೊತ್ತಿಗೆ ಎರಡೂವರೆ ತಾಸು ಮೊದಲಿನಿಂದ ಎರಡೂವರೆ ತಾಸು ನಂತರದವರೆಗೆ ಮಾತ್ರ ಬಂಡೆಗಳ ಮೇಲೆ ಅಲ್ಲಿಗೆ ದಾಟಬಹುದು. ಐದು ತಾಸು ಬಹಳವೆನಿಸುತ್ತದೆ. ಆದರೆ ಇಳಿತ ಮೂರು ಗಂಟೆಗಿದ್ದರೆ ದಾರಿ ಐದೂವರೆವರೆಗೆ ತೆರೆದಿದ್ದರೂ ನಾಲ್ಕೂಕಾಲಿಗೆ ಕತ್ತಲು. ಪಾಚಿ ಹತ್ತಿದ ಚೂಪು ಬಂಡೆಗಳ ಮೇಲೆ ಕತ್ತಲಲ್ಲಿ ಹಿಂತಿರುಗಲಾಗದು. ಅಜ್ಜ-ಅಜ್ಜಿ, ಸಣ್ಣ ಮಕ್ಕಳಿದ್ದ ಕುಟುಂಬ ಚಳಿಗಾಲದಲ್ಲಿ ಅದನ್ನು ದಾಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲಿನ ಬಯಲಿನಿಂದಲೇ ಅದು ಚೆನ್ನಾಗಿ ಕಾಣುತ್ತದೆ. ಕೆಳಗಿನ ಉದ್ದ ಮರಳಿನಲ್ಲಿ 1887ರಲ್ಲಿ ಒಡೆದ ಹೆಲ್ವೆಷಿಯಾ ಹಡಗಿನ ಮರದ ಪಕ್ಕೆಲುಬುಗಳು ಇಳಿತದಲ್ಲಿ ಹೊರಬರುತ್ತವೆ. ಮಕ್ಕಳಿಗೆ ಅಷ್ಟು ಸಾಕು. ಟೆನ್‌ಬಿಯಲ್ಲೂ ಸೇಂಟ್ ಕ್ಯಾಥರೀನ್ಸ್ ನಡುಗಡ್ಡೆಗೆ ಇಳಿತದಲ್ಲಿ ಮರಳ ಮೇಲೆ ನಡೆದು ಹೋಗಬಹುದು, ಉಬ್ಬರದಲ್ಲಿ ಸುತ್ತಲೂ ನೀರು.

ಯಾರಾದರೂ ನೀರಿನ ನಡುವೆ ಸಿಕ್ಕಿಹಾಕಿಕೊಂಡರೆ ಈಜಲು, ಹಾದು ಬರಲು ಹೋಗಬೇಡಿ. ಡಿಸೆಂಬರಿನ ನೀರು ಹತ್ತು ಡಿಗ್ರಿ ಆಸುಪಾಸು. ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಎತ್ತರದ ಬಂಡೆಯ ಮೇಲೆ ನಿಂತು ಅಲ್ಲಿಯ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ 'ಕೋಸ್ಟ್‌ಗಾರ್ಡ್' ಎಂದು ಕೇಳಬೇಕು. ಬರೀ 'ಪೊಲೀಸ್' ಎಂದರೆ ಕರೆ ಸುತ್ತು ಹಾಕಿ ಬರುತ್ತದೆ. ಬೇಸಿಗೆಯಲ್ಲಿ ಮರಳ ಮೇಲೆ ಕಾಣುವ ಜೀವರಕ್ಷಕರು ಚಳಿಗಾಲದಲ್ಲಿ ಇರುವುದಿಲ್ಲ. 1824ರಿಂದ ನಡೆದುಬಂದಿರುವ ಆರ್‌ಎನ್‌ಎಲ್‌ಐ ಸಂಸ್ಥೆಯ ರಕ್ಷಣಾ ದೋಣಿಗಳು ಮಾತ್ರ ವರ್ಷವಿಡೀ ಸಿದ್ಧವಿರುತ್ತವೆ, ಅವುಗಳಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು. ಬಿರುಗಾಳಿ ಬಂದಾಗ ಅಲೆ ನೋಡಲೆಂದು ಬಂದರಿನ ಗೋಡೆಯ ಮೇಲೆ ನಿಲ್ಲಬೇಡಿ. 2014ರ ಜನವರಿಯಲ್ಲಿ ಅಬೆರಿಸ್ಟ್ವಿತ್‌ನ ಕಡಲಬದಿಯ ಕಲ್ಲುಹಾಸನ್ನೇ ಅಲೆ ಕಿತ್ತುಹಾಕಿತ್ತು. ಹವಾಮಾನ ಇಲಾಖೆ ಹಳದಿ, ಅಂಬರ್, ಕೆಂಪು ಎಂದು ಮೂರು ಹಂತದ ಎಚ್ಚರಿಕೆ ಕೊಡುತ್ತದೆ. ಅಂಬರ್ ಬಂದರೆ ಊರಲ್ಲೇ ಉಳಿಯುವುದು ಲೇಸು. ಕಡಿದಾದ ದಂಡೆಗಳ ಬುಡಕ್ಕೂ ಹೋಗಬೇಡಿ, ಮಳೆ ನೀರು ಕುಡಿದ ಬಂಡೆ ಚಳಿಗಾಲದಲ್ಲೇ ಹೆಚ್ಚು ಕಳಚಿ ಬೀಳುತ್ತದೆ.

ಬಟ್ಟೆ ವಿಷಯಕ್ಕೆ ಬಂದರೆ, ಅಲ್ಲಿ ಹಗಲಿನ ಉಷ್ಣಾಂಶ ಎಂಟು-ಒಂಬತ್ತು ಡಿಗ್ರಿ. ಹಿಮ ಅಪರೂಪ. ಕಷ್ಟ ಕೊಡುವುದು ಗಾಳಿ ಮತ್ತು ಅಡ್ಡಮಳೆ. ನಮ್ಮಲ್ಲಿ ಚಳಿಗಾಲಕ್ಕೆ ಬೀದಿಬದಿ ಮಾರುವ ದಪ್ಪ ಸ್ವೆಟರ್ ಥಂಡಿ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ. ಹೆಣಿಗೆಯ ಸಂದಿಯಿಂದ ಗಾಳಿ ನೇರ ಮೈಗೆ ಬರುತ್ತದೆ. ಒಳಗೆ ಥರ್ಮಲ್, ನಡುವೆ ಸ್ವೆಟರ್, ಹೊರಗೆ ನೀರು-ಗಾಳಿ ಎರಡೂ ತಡೆಯುವ ತೆಳು ಜಾಕೆಟ್, ಹೀಗೆ ಮೂರು ಪದರ ಬೇಕು. ಹತ್ತಿಯ ಬನಿಯನ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಛತ್ರಿ ಆ ಗಾಳಿಗೆ ಮಗುಚಿಕೊಳ್ಳುತ್ತದೆ. ಮಂಕಿ ಕ್ಯಾಪ್ ಧಾರಾಳವಾಗಿ ಒಯ್ಯಿರಿ, ಕಿವಿ ಮುಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಸೀರೆ ಉಡುವ ಹಿರಿಯರು ಒಳಗೆ ಉಣ್ಣೆಯ ಕಾಲುಚೀಲ, ಥರ್ಮಲ್ ಹಾಕಿಕೊಂಡು ಸೀರೆಯನ್ನು ಗಿಡ್ಡಕ್ಕೆ ಉಟ್ಟರೆ ಅಂಚು ನೆನೆಯುವುದಿಲ್ಲ. ಎರಡು ಜೊತೆ ಕಾಲುಚೀಲ ಹಿಡಿಸುವಂತೆ ಬೂಟು ಅರ್ಧ ಸೈಜು ದೊಡ್ಡದಿರಲಿ, ಬಿಗಿಯಾದರೆ ರಕ್ತ ಹರಿಯದೆ ಬೆರಳು ಮರಗಟ್ಟುತ್ತವೆ. ಪ್ರತಿ ಮಗುವಿಗೆ ದಿನಕ್ಕೆ ಮೂರು ಜೊತೆ ಕಾಲುಚೀಲ ಲೆಕ್ಕ ಹಾಕಿ. ಆಡುತ್ತಿದ್ದ ಮಗು ಮಾತು ನಿಲ್ಲಿಸಿ ಸುಮ್ಮನಾದರೆ ಅದು ಹಟ ಇರಲಿಕ್ಕಿಲ್ಲ, ಚಳಿ ಹತ್ತಿರಬಹುದು. ತಕ್ಷಣ ಒಳಗೆ ಕರೆದೊಯ್ಯಿರಿ.

ಉಳಿಯಲು ಒಂದೇ ಊರು ಸಾಕು. ಬೇಸಿಗೆಯಲ್ಲಿ ವಾರಕ್ಕೆ ಮಾತ್ರ ಕೊಡುವ ಬಾಡಿಗೆ ಮನೆಗಳು ಚಳಿಗಾಲದಲ್ಲಿ ಶುಕ್ರವಾರದಿಂದ ಸೋಮವಾರಕ್ಕೂ ಸಿಗುತ್ತವೆ. ಕೀಲಿ ಕೊಡುವುದು ಹೆಚ್ಚಾಗಿ ನಾಲ್ಕು ಗಂಟೆಗೆ, ಆಗಲೇ ಕತ್ತಲು. ಹಳ್ಳಿಗಳಲ್ಲಿ ಒಂದು ಪೋಸ್ಟ್‌ಕೋಡಿಗೆ ಹಲವು ಮನೆ, ಫೋನ್ ಸಿಗ್ನಲ್ ಕಡಿಮೆ. ಆದ್ದರಿಂದ ಗೇಟಿನ ಗುರುತನ್ನು ಮನೆಯವರಿಂದ ಮೊದಲೇ ಬರೆಸಿಕೊಳ್ಳಿ, ನಕ್ಷೆ ಇಳಿಸಿಟ್ಟುಕೊಳ್ಳಿ. ಒಲೆ ಇಂಡಕ್ಷನ್ನೇ ಎಂದು ಕೇಳಿ. ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಒಗ್ಗರಣೆಗೆ ಮೊದಲು ಒಲೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆದು, ಅಡುಗೆಮನೆಯ ಬಾಗಿಲು ಮುಚ್ಚಿ. ಸಾಸಿವೆ, ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ. ಅದರ ಬ್ಯಾಟರಿ ತೆಗೆಯುವುದು ಅಪಾಯ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದು. ತುಪ್ಪ, ಪೇಡೆ, ಖೋವಾ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಅಲ್ಲಿಯ ವೆಲ್ಷ್ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಕೆಲವರು ಹಂದಿಕೊಬ್ಬನ್ನೂ ಹಾಕುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ಟೆನ್‌ಬಿಯಿಂದ ಕಾಲ್ಡಿ ದ್ವೀಪಕ್ಕೆ ದೋಣಿಗಳು ಚಳಿಗಾಲದಲ್ಲಿ ಇಲ್ಲ. ಕೆಲವು ಸಾರ್ವಜನಿಕ ಶೌಚಾಲಯಗಳಿಗೂ ಬೀಗ ಬಿದ್ದಿರುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಯಾವುದು ತೆರೆದಿದೆ ಎಂದು ಮೊದಲೇ ನೋಡಿಕೊಳ್ಳಿ. ಬಾಗಿಲ ಮೇಲೆ ವೆಲ್ಷ್ ಭಾಷೆಯಲ್ಲಿ 'ಮೆರ್ಖೆಡ್' ಎಂದಿದ್ದರೆ ಹೆಂಗಸರದು. ರಸ್ತೆಯ ಮೇಲೆ ಬರೆದ 'ಅರವ್' ಎಂದರೆ ನಿಧಾನ. ಊರೊಳಗೆ 2023ರ ಸೆಪ್ಟೆಂಬರಿನಿಂದ ಸಾಮಾನ್ಯ ವೇಗಮಿತಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ಹನ್ನೆರಡು ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲು ಆಗುತ್ತದೋ ಅಲ್ಲಿಯವರೆಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ರೂಢಿ ನಡೆಯದು. ರೈಲಿಗೆ ಹೋಗುವವರಿಗೆ ಸ್ವಾನ್ಸಿ ದಾಟಿ ಟೆನ್‌ಬಿವರೆಗೂ ಹಳಿ ಇದೆ. ಡಿಸೆಂಬರ್ 25ರಂದು ರೈಲು ಓಡುವುದಿಲ್ಲ, 26ಕ್ಕೂ ಬಹುತೇಕ ಇಲ್ಲ. ಭಾನುವಾರ ಹಳಿ ದುರಸ್ತಿಗೆಂದು ಅರ್ಧ ದಾರಿಗೆ ಬಸ್ಸು ಹತ್ತಿಸುವುದೂ ಉಂಟು.

ಆನೆಗೊಂದಿ, ಸಾಣಾಪುರದ ಹರಿಗೋಲು ಕಂಡವರಿಗೆ ಪಶ್ಚಿಮ ವೇಲ್ಸಿನ ಟೈವಿ ನದಿಯ ಸುದ್ದಿ ಹಿತವೆನಿಸೀತು. ಅಲ್ಲಿಯ ಕೆನಾರ್ತ್ ಊರಿನ ಬೆಸ್ತರು ಬಳಸುತ್ತಿದ್ದುದೂ ಹರಿಗೋಲಿನದೇ ಜಾತಿಯ ದೋಣಿ. ನಮ್ಮದು ಬಿದಿರಿನದು, ದುಂಡಗೆ, ಹತ್ತಾರು ಜನ ಹಿಡಿಸುತ್ತದೆ. ಅವರದು ಮರದ ಸೀಳುಗಳದು, ಉದ್ದುದ್ದ ದುಂಡು, ಒಬ್ಬರೇ ಬೆನ್ನ ಮೇಲೆ ಹೊತ್ತು ನಡೆಯುವಷ್ಟು ಹಗುರ. ಎರಡಕ್ಕೂ ನೀರು ಒಸರದಂತೆ ಡಾಂಬರು ಬಳಿಯುತ್ತಾರೆ.

ಸಂಪಾದಕರಲ್ಲಿ ಒಂದು ಕೋರಿಕೆ. ಇಂಥ ಬರಹ ಮತ್ತೆ ಹಾಕುವಾಗ ಆ ತಿಂಗಳ ಸೂರ್ಯಾಸ್ತ, ಶನಿವಾರ-ಭಾನುವಾರಗಳ ಇಳಿತದ ಗಂಟೆ, 999ರ ಸಂಖ್ಯೆ ಇವಿಷ್ಟನ್ನು ಪಕ್ಕದಲ್ಲಿ ಅಚ್ಚು ಹಾಕಿ. ಡ್ಯಾಂ ಮಟ್ಟಕ್ಕೆ ದಿನಾ ಕೊಡುವಷ್ಟು ಜಾಗ ಸಾಕಾಗುತ್ತದೆ.

ಇಂತಿ,
ತಮ್ಮ ಓದುಗ
ಗಾಂಧಿನಗರ, ಬಳ್ಳಾರಿ