ಬೇಕರಿ ಓವನ್ ಮುರಾಬಹಾ: ಪಾಲಿನ ಹಣ ಶುಕ್ರವಾರದೊಳಗೆ

ಎಲ್ಲ ಪಾಲುದಾರರಿಗೆ ಅಸ್ಸಲಾಮು ಅಲೈಕುಂ.

ಬೇಕರಿಯವರು ಕೇಳಿದ ಓವನ್‌ಗೆ ಜಿಎಸ್‌ಟಿ ಸೇರಿ 2,40,000 ರೂ. ಮುರಾಬಹಾ, ಅಂದರೆ ಕೊಂಡ ಬೆಲೆ ತಿಳಿಸಿ ಲಾಭ ಸೇರಿಸಿ ಮಾರುವ ಬಡ್ಡಿಯಿಲ್ಲದ ಪದ್ಧತಿಯಂತೆ, ನಾವು ಕೊಂಡು ಅವರಿಗೆ 2,64,000ಕ್ಕೆ ಮಾರುತ್ತೇವೆ. ಅವರು ತಿಂಗಳಿಗೆ 22,000ದಂತೆ 12 ಕಂತು ಕಟ್ಟುತ್ತಾರೆ. ಒಟ್ಟು 48 ಪಾಲು, ತಲಾ 5,000. ಶುಕ್ರವಾರ ಸಂಜೆ 6ರೊಳಗೆ ನಮ್ಮ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ) ಖಾತೆಗೇ ಹಾಕಿ, ನಗದು ಬೇಡ. ಪೂರ್ತಿ ಮೊತ್ತ ಸೇರದಿದ್ದರೆ ಸೋಮವಾರ ಎಲ್ಲರ ಹಣವೂ ವಾಪಸ್.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಇನ್‌ವಾಯ್ಸ್ ಎಲ್‌ಎಲ್‌ಪಿ ಹೆಸರಲ್ಲೇ ಬರಬೇಕು, ಓವನ್ ನಮ್ಮ ಕೈಸೇರಿದ ಮೇಲಷ್ಟೇ ಮಾರಾಟಪತ್ರ. "ಅವರೇ ಕೊಂಡುಕೊಳ್ಳಲಿ, ದುಡ್ಡು ನಾವು ಕೊಡೋಣ" ಅಂದರೆ ಅದು ಬಡ್ಡಿ ಸಾಲವೇ, ಹೆಸರು ಮಾತ್ರ ಮುರಾಬಹಾ. ಸಾಗಾಟದಲ್ಲಿ ಒಡೆದರೆ ನಷ್ಟ ನಮ್ಮದು. ಲಾಭ ಹಲಾಲ್ ಆಗುವುದೇ ಆ ಹೊಣೆಯಿಂದ. ಹಾಗಾಗಿ ಡೆಲಿವರಿ ದಿನ ಇಬ್ಬರು ಹೋಗಿ ಬಾಗಿಲ ಗಾಜು, ಥರ್ಮೋಸ್ಟಾಟ್ ನೋಡಿ, ಸೀರಿಯಲ್ ನಂಬರಿನ ಫೋಟೊ ಇಲ್ಲಿ ಹಾಕಿ. ಕಂತು ತಡವಾದರೂ ಬೆಲೆ ಏರದು. ದಂಡ ಬಂದರೆ ದಾನಕ್ಕೆ, ನಮಗಲ್ಲ.

ಈ ಮೆಸೇಜ್ ಹೊರಗೆ ಫಾರ್ವರ್ಡ್ ಮಾಡಬೇಡಿ. ಪಾಲುದಾರರಲ್ಲದವರಿಂದ ಹಣ ಎತ್ತಿದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಡಿ ಸಿಕ್ಕಿಬೀಳುತ್ತೇವೆ. ಅದೇ ವರ್ಷ ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ ಕುಸಿದಾಗ "ಹಲಾಲ್" ಅಂದದ್ದನ್ನು ನಂಬಿದವರ ಗತಿ ಗೊತ್ತಿದೆಯಲ್ಲ. ಹೊಸಬರು ಬರುವುದಿದ್ದರೆ ಮೊದಲು ಒಪ್ಪಂದ ತಿದ್ದಿ, 30 ದಿನದೊಳಗೆ ಆ ಬದಲಾವಣೆ ತಿಳಿಸುವ ಫಾರ್ಮ್ 3 ಅನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು.

ನಿಮ್ಮದೆಷ್ಟು ಪಾಲು ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಡೆಲಿವರಿಗೆ ಹೋಗುವ ಇಬ್ಬರೂ ಹೆಸರು ಹೇಳಿ.